ಹನ್ನೊಂದು ವರ್ಷ ಚೂರು ತಿಕ್ಕಿದ ಕೈ

ಒಂದು ಬುಟ್ಟಿ ಮಡಕೆ ಚೂರು ತೊಳೆಯಲು ಆರು ಬಕೆಟ್ ನೀರು ಬೇಕು, ಒಂದೂವರೆ ಗಂಟೆ ಬೇಕು. ಹಲ್ಲುಜ್ಜುವ ಬ್ರಷ್ಷು ಒಂಬತ್ತು ದಿನ ಬಾಳಿಕೆ ಬರುತ್ತದೆ. ಬೆರಳ ತುದಿಯ ಚರ್ಮ ನಾಲ್ಕೇ ದಿನ. ಐದನೆಯ ದಿನದಿಂದ ಉರಿ. ಈ ಲೆಕ್ಕ ಯಾವ ವರದಿಯಲ್ಲೂ ಇಲ್ಲ. ಹಳೆಯ ಊರೊಂದನ್ನು ಅಗೆಯುತ್ತಿರುವ ಬಯಲಿನಲ್ಲಿ ಎಲ್ಲರೂ ‘ತೊಳೆಯೋ ಅಕ್ಕ’ ಎಂದು ಕರೆಯುವ ಹೆಂಗಸಿನ ಬಾಯಲ್ಲಿದೆ.

ಬೆಳಿಗ್ಗೆ ಐದೂಮುಕ್ಕಾಲು. ತಗಡಿನ ಶೆಡ್ಡಿನ ಮುಂದೆ ಗಿಡ್ಡ ಮಣೆಯ ಮೇಲೆ ಅಕ್ಕ ಕೂತಿದ್ದಾರೆ. ಬುಟ್ಟಿಯಿಂದ ಒಂದು ಚೂರು ಎತ್ತಿ, ನೀರಿಗೆ ಹಾಕುವ ಮೊದಲು ಒಳಮೈಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕಪ್ಪು ಕಂಡರೆ ಮುಟ್ಟದೆ ಪಕ್ಕಕ್ಕಿಡುತ್ತಾರೆ. ಹೋದ ವರ್ಷದವರೆಗೆ ಹೀಗೆ ನೋಡುತ್ತಿರಲಿಲ್ಲ. ಆ ಮಾತು ತೆಗೆದರೆ ಇವತ್ತಿಗೂ ಅವರ ಬ್ರಷ್ಷು ನಿಂತುಬಿಡುತ್ತದೆ.

ತೊಳೆದದ್ದನ್ನು ನಾದಿನಿ ಚಾಪೆಯ ಮೇಲೆ ಒಣಹಾಕುತ್ತಾರೆ. “ಅತ್ತಿಗೆ, ಮನೆ ಪಾತ್ರೆ ಹೀಗೆ ತಿಕ್ಕಿದ್ರೆ ನಮ್ಮಣ್ಣ ಕನ್ನಡಿ ಕೊಳ್ಳೋದೇ ಬೇಕಿರ್ಲಿಲ್ಲ!”

“ಮನೆ ಪಾತ್ರೆಗೆ ಯಾರೇ ಕೂಲಿ ಕೊಡ್ತಾರೆ?”

ಇಲ್ಲಿಗೆ ಬರುವ ಮೊದಲು ಅಕ್ಕ ಆಸ್ಪತ್ರೆಯ ಹೊದಿಕೆ ಒಗೆಯುತ್ತಿದ್ದರು. ಎಂಥ ಕಲೆಯಾದರೂ ಅವರ ಕೈಗೆ ಸೋಲುತ್ತಿತ್ತು. ಇಲ್ಲಿ ದಿನಕ್ಕೆ ಐದು ಬುಟ್ಟಿ, ನಾನೂರು ಚೂರು, ವರ್ಷದಲ್ಲಿ ನೂರು ದಿನ. ಪ್ರತಿ ಬುಟ್ಟಿಗೂ ಒಂದು ಚೀಟಿ: ಯಾವ ಗುಂಡಿ, ಎಷ್ಟನೆಯ ಪದರ, ಯಾವ ದಿನ. “ಚೀಟಿ ಕಳೆದ್ರೆ ಚೂರು ಬರೀ ಕಸ” ಎನ್ನುತ್ತಾರೆ ಅಕ್ಕ. ಒಂದು ಚೀಟಿಯನ್ನೂ ಅವರು ಕಳೆದಿಲ್ಲ. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದ ಒಳಗಿನ ಕಪ್ಪನ್ನೂ ಬಿದಿರಿನ ಚಕ್ಕೆಯಿಂದ ಕೆರೆದು ತೆಗೆಯುತ್ತಿದ್ದರು. “ನಿಮ್ಮ ಚೂರು ನೋಡಿದ್ರೆ ಕಣ್ಣಿಗೆ ತಂಪು” ಎಂದು ಅಗೆತದ ಮುಖ್ಯಸ್ಥರೇ ಹೊಗಳುತ್ತಿದ್ದರು.

ಹೋದ ವರ್ಷ ಪ್ರಯೋಗಾಲಯದಿಂದ ಒಬ್ಬ ತಜ್ಞೆ ಬಂದರು. ಅಕ್ಕನ ಪಕ್ಕ ಕೂತು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಅವರ ಮಣಿಕಟ್ಟು ಹಿಡಿದುಕೊಂಡರು.

“ಅಯ್ಯೋ, ನಿಲ್ಸಿ! ಎಲ್ಲಾ ಹೀಗೇ ಕೆರೀತೀರಾ?”

“ಹೌದಮ್ಮ. ಹನ್ನೊಂದು ವರ್ಷದಿಂದ.”

ತಜ್ಞೆ ಆ ಚೂರನ್ನು ತಮ್ಮ ಕೈಗೆ ತೆಗೆದುಕೊಂಡರು. “ಅಕ್ಕ, ಅದು ಕೊಳೆ ಅಲ್ಲ. ಸೀದ ಅಡುಗೆ. ಮೂರು ಸಾವಿರ ವರ್ಷದ ಹಿಂದೆ ಯಾರೋ ತಳ ಹಿಡಿಸಿದ್ದು. ಅವರು ಏನು ತಿಂತಿದ್ರು ಅಂತ ಹೇಳೋದು ಅದೊಂದೇ.”

“ಒಂದು ಊರಿನವರ ಊಟಾನೆಲ್ಲ ಮೋರಿಗೆ ಚೆಲ್ಲಿದ್ದೆ ನಾನು” ಎನ್ನುತ್ತಾರೆ ಅಕ್ಕ.

ವಿಷಯ ತಿಳಿದ ಮುಖ್ಯಸ್ಥರು, “ತಪ್ಪು ನಿಮ್ಮದಲ್ಲ, ಹೇಳದೇ ಇದ್ದ ನನ್ನದು” ಎಂದರು. ತೊಳೆದ ನೀರು ಇಂಗಿದ ಗುಂಡಿಯ ಕೆಸರನ್ನೇ ಪರೀಕ್ಷಿಸೋಣವೇ ಎಂದು ತಜ್ಞೆ ಕೇಳಿದಾಗ ಬೇಡವೆಂದವರು ಅಕ್ಕ. “ಎಲ್ಲಾ ಪದರದ್ದೂ ಕಲಸಿಹೋಗಿದೆಯಮ್ಮ. ಅದಕ್ಕೆ ಚೀಟಿ ಎಲ್ಲಿದೆ?” ಒಲೆಗಳಿದ್ದ ಮನೆಗಳ ಜಾಗವೆಲ್ಲ ಅಗೆದು ಮುಗಿದಿತ್ತು, ಈಗ ಅಗೆಯುತ್ತಿದ್ದ ಅಂಚಿನಲ್ಲಿ ಕಪ್ಪು ಹತ್ತಿದ ಚೂರು ಅಪರೂಪ, ಅಗೆದ ನೆಲವನ್ನು ಮತ್ತೆ ಅಗೆಯಲಾಗದು. ತೊಳೆಯದ ಚೂರೇನಾದರೂ ಉಳಿದಿದೆಯೇ ಎಂದು ಮುಖ್ಯಸ್ಥರು ದಾಖಲೆ ಪುಸ್ತಕ ತಿರುವಿದರು. ಪ್ರತಿ ಸಾಲಿನ ಮುಂದೂ ಅಕ್ಕನೇ ಹಾಕಿದ ಗುರುತು: ತೊಳೆದಿದೆ.

ಅಕ್ಕ ಅವತ್ತು ಊಟ ಮಾಡಲಿಲ್ಲ. ಅವರಿಗೊಬ್ಬರಿಗೇ ಗೊತ್ತಿದ್ದ ಒಂದು ಸಂಗತಿ ಇತ್ತು. ಆರು ವರ್ಷದ ಹಿಂದೆ, ಆ ಸಲದ ಕೆಲಸ ಮುಗಿಯುವ ವಾರ, ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಒಲೆ ಮನೆಗಳ ಮೂರು ಚೀಲ ಚೂರು ತೊಳೆಯದೆ ಉಳಿದಿತ್ತು. ಕೂಲಿ ಕತ್ತರಿಸಿಯಾರೆಂದು ಹೆದರಿ, ತೊಳೆದಿದೆ ಎಂದು ಗುರುತು ಹಾಕಿ, ಉಗ್ರಾಣದಲ್ಲಿ ಎಲ್ಲಕ್ಕಿಂತ ಕೆಳಗಿನ ಅಟ್ಟಣೆಯ ಹಿಂದಕ್ಕೆ ದೂಡಿಬಿಟ್ಟಿದ್ದರು. ಆಮೇಲೆ ತೆಗೆಯಲು ನಾಚಿಕೆ.

ವಿಷಯ ಕೇಳಿದ ನಾದಿನಿ ರಟ್ಟೆ ಚಿವುಟಿದರು. “ಸುಮ್ನಿರಿ ಅತ್ತಿಗೆ. ಸುಳ್ಳು ಬರ್ದಿದ್ದೀನಿ ಅಂದ್ರೆ ಇರೋ ಕೆಲಸಾನೂ ಹೋಗುತ್ತೆ. ಅಣ್ಣನ ಔಷಧಿಗೆ ಏನ್ಮಾಡ್ತೀರ?”

“ಹೋದ್ರೆ ಹೊದಿಕೆ ಒಗೀತೀನಿ ಬಿಡೇ.”

ಮಾರನೆಯ ಬೆಳಿಗ್ಗೆ ಅಕ್ಕ ಮೂರೂ ಚೀಲಗಳನ್ನು ಎಳೆದು ತಂದು ಮುಖ್ಯಸ್ಥರ ಮೇಜಿನ ಮುಂದೆ ಇಟ್ಟರು. “ಸರ್, ಇದು ತೊಳೆದಿಲ್ಲ. ತೊಳೆದೆ ಅಂತ ಸುಳ್ಳು ಬರೆದಿದ್ದೀನಿ.” ಧೂಳು ಮೆತ್ತಿದ ಚೀಟಿಗಳು ಕಟ್ಟಿದ ಹಾಗೇ ಇದ್ದವು. ಮುಖ್ಯಸ್ಥರು ದಾಖಲೆ ಪುಸ್ತಕದಲ್ಲಿ ಆ ಸಾಲುಗಳನ್ನು ಹುಡುಕಿದರು. ಆಮೇಲೆ ಕೆಂಪು ಪೆನ್ನಿನಿಂದ ಅಕ್ಕನ ಗುರುತನ್ನು ಹೊಡೆದುಹಾಕಿ, ‘ತೊಳೆದಿಲ್ಲ’ ಎಂದು ಬರೆದು, ಕೆಳಗೆ ತಾವೇ ಸಹಿ ಹಾಕಿದರು.

ನಾಲ್ಕು ತಿಂಗಳ ನಂತರ ತಜ್ಞೆಯ ಫೋನು ಬಂತು. ಆ ಮೂರು ಚೀಲಗಳಲ್ಲಿ ಕಪ್ಪು ಅಂಟಿದ್ದ ಚೂರುಗಳು ಮೂವತ್ತೊಂದು. ಅವುಗಳಲ್ಲಿ ಇಪ್ಪತ್ತಾರರಲ್ಲಿ ಮೀನಿನ ಕೊಬ್ಬು.

“ಮೀನಾ?” ಅಕ್ಕ ಕೂಗಿಯೇಬಿಟ್ಟರಂತೆ. “ಇಲ್ಲಿ? ಚೂರು ತೊಳೆಯೋಕೇ ಟ್ಯಾಂಕರ್ ಕಾಯ್ತೀವಲ್ಲಮ್ಮ!”

ಹತ್ತಿರದ ನದಿಗೆ ಅರ್ಧ ದಿನದ ನಡಿಗೆ. ಈ ಒಣನೆಲದ ಜನ ದನ ಕಾಯ್ದು ಬದುಕಿದವರೆಂದೇ ಇಷ್ಟು ವರ್ಷ ವರದಿಗಳು ಬರೆದಿದ್ದವು. ಈಗ ಬಯಲಿನ ಪೂರ್ವಕ್ಕೆ, ಬತ್ತಿಹೋದ ಹೊಳೆಯ ಪಾತ್ರವಿರಬಹುದೆಂದು ಕೊಳವೆ ಇಳಿಸಿ ಮಣ್ಣು ತೆಗೆದು ನೋಡುತ್ತಿದ್ದಾರೆ.

ಅಕ್ಕನಿಗೆ ಬೇಕಾದದ್ದು ಸಣ್ಣದು. “ಹೊಸಬರು ಯಾರೇ ಬಂದ್ರೂ ಬ್ರಷ್ಷು ಕೊಡೋ ಮುಂಚೆ ನನ್ನ ಹತ್ರ ಕಳ್ಸಿ. ಈ ಕಪ್ಪು ಏನು ಅಂತ ನಾನೇ ತೋರಿಸ್ತೀನಿ.”

ಉಗ್ರಾಣದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಚೂರುಗಳು ಅಚ್ಚುಕಟ್ಟಾಗಿ, ಒಂದು ಕಲೆಯಿಲ್ಲದೆ ಕೂತಿವೆ. ಅವುಗಳಿಗೆ ಏನು ಅಂಟಿತ್ತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಮೂರು ಚೀಲದ್ದು ತಿಳಿಯಿತು.