ಫೋಟೊದಲ್ಲಿದ್ದ ರಕ್ತ

ಸವಣೂರಿನ ಬಸ್ಸು ತಪ್ಪಿತು. ಬಿಸಿಲಿಗೆ ನಿಲ್ಲಲಾರದೆ ಶಿಗ್ಗಾಂವಿ ರಸ್ತೆಯ ಸಣ್ಣ ಚರ್ಚೊಂದರ ಒಳಗೆ ಹೋದೆ. ಗೋಡೆಯ ತುಂಬ ಪರದೇಶದ ಪವಾಡಗಳ ಫೋಟೊಗಳಿದ್ದವು. ಬಲಿಪೂಜೆಯಲ್ಲಿ ಯೇಸುವಿನ ದೇಹವೆಂದು ಹಂಚುವ ಗೋಧಿಯ ಅಪ್ಪ ನಿಜಕ್ಕೂ ಮಾಂಸವಾಗಿ ರಕ್ತ ಸುರಿಸಿತಂತೆ. ಇಂಥದ್ದನ್ನು ಕಂಡರೆ ನನಗೆ ನಗು ತಡೆಯುವುದು ಕಷ್ಟ.

ಸಿಸ್ಟರ್ ಒಬ್ಬರು ಕಸ ಗುಡಿಸುವ ನೀಲವ್ವನಿಗೆ ಫೋಟೊದ ಕೆಳಗಿನ ಬರಹ ಓದಿ ಹೇಳುತ್ತಿದ್ದರು.

"ಲ್ಯಾಬಿನ್ಯಾಗ ತಪಾಸ ಮಾಡ್ಯಾರಂತ ನೀಲವ್ವಾ. ಖರೇನ ಮನಶ್ಯಾರ ರಕ್ತ. ಎಬಿ ಗುಂಪು."

ನೀಲವ್ವ ಗುಡಿಸುವುದನ್ನು ನಿಲ್ಲಿಸಿದಳು.

"ನನ್ನ ಮಗಳ ಹೆರಿಗಿಗೆ ಅದ ಬೇಕಾಗಿತ್ತರಿ ಸಿಸ್ಟರ. ಎಬಿ ನೆಗೆಟಿವ್. ಹಾನಗಲ್ಲ, ಹಾವೇರಿ ಎಲ್ಲಾ ಕಡೆ ಕೇಳಿದ್ವಿ, ಎಲ್ಲೂ ಸಿಗಲಿಲ್ಲ. ತಾಯಿ ಕೂಸು ಎರಡೂ ಹೋದ್ವು."

ನನ್ನ ನಗು ಸತ್ತಿತ್ತು. ನೀಲವ್ವ ಕಸಬರಿಗೆಯನ್ನು ಗೋಡೆಗೆ ಆನಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ತನಗೆ ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಇದರಾಗ ಪಾಸಿಟಿವೋ ನೆಗೆಟಿವೋ ಅಂತ ಬರದಾರೇನ್ರಿ?"