ಆರೋಪಿಗಳ ಸಾಲಿನ ಹಸಿರು ವ್ಯಾನು

ನನ್ನ ಸೀನಿಯರ್ ವಕೀಲರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿ, ಬಿದಿಗೆ ಚಂದ್ರನ ಹಾಗೆ ಬಾಗಿತ್ತು. ಉಳಿದ ಬೆರಳುಗಳ ಉಗುರನ್ನು ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದನ್ನು ಸಾಕಿದ್ದು ಇಂಗ್ಲೆಂಡಿನ ಹಳೆಯ ಆಟದ ಕಾರುಗಳ ಬಣ್ಣ ಕೆರೆದು ನೋಡಲಿಕ್ಕೆ. ಜಗತ್ತಿನಲ್ಲಿ ಅವರು ಪೂರ್ತಿ ನಂಬುತ್ತಿದ್ದ ವಸ್ತು ಬಹುಶಃ ಆ ಉಗುರು ಒಂದೇ.

ಎಂಬತ್ತರ ದಶಕದ ಮೊದಲಲ್ಲಿ, ಕೊಯಮತ್ತೂರಿನ ಅವರ ಆಫೀಸಿಗೆ ನಾನು ಜೂನಿಯರ್ ಆಗಿ ಸೇರಿದೆ. ಕಕ್ಷಿದಾರರ ಎದುರು ತಮಿಳು. ನಾವಿಬ್ಬರೇ ಇದ್ದಾಗ ಮನೆಗನ್ನಡ, ಅದರಲ್ಲೂ ಅರ್ಧ ತಮಿಳೇ. ಮೊದಲ ದಿನವೇ ಗಾಜಿನ ಅಲ್ಮಾರಿ ತೋರಿಸಿ, "ಅಮ್ಮಣಿ, ಬ್ಯಾಗ್ ಆಚೆ ಇಡು. ಇದ್ರ ಹತ್ರ ಬರೋವಾಗ ಎರಡು ಕೈಯೂ ನಂಗೆ ಕಾಣ್ಬೇಕು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಆಟಿಕೆ ಕದಿಯಲು ನಾನು ಕಾನೂನು ಓದಬೇಕಿತ್ತೇ?

ಕ್ರಮೇಣ ಗೊತ್ತಾಯಿತು, ಅವರು ಯಾರನ್ನೂ ಬಿಟ್ಟವರಲ್ಲ. ಹಾಲು ತಂದವನನ್ನು ಹಸುವಿನ ಗೋತ್ರ ಕೇಳುವ ಜಾತಿ. ಒಮ್ಮೆ ವಾಲ್ಪಾರೈಯಿಂದ ಎಸ್ಟೇಟ್ ಗುಮಾಸ್ತನೊಬ್ಬ ಕೆಂಪು ಕಾರೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದ. ಬಂಗಲೆಯ ದೊರೆ ಮಗು ಬಿಟ್ಟುಹೋದದ್ದಂತೆ. ಸೀನಿಯರ್ ಅದನ್ನು ಮೂಸಿದರು. ಬಿಳಿ ಕಾಗದದ ಮೇಲೆ ಉಜ್ಜಿದರು. ಸೀಸದ್ದಾದರೆ ಪೆನ್ಸಿಲಿನ ಹಾಗೆ ಗೀಟು ಬೀಳುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಅಂಗಾತ ಮಲಗಿಸಿ, ಚಕ್ರದ ಕಡ್ಡಿಯ ತುದಿಯನ್ನು ಉಗುರಿನಿಂದ ಕೆರೆದರು. ಅಲ್ಲಿ ಹೊಸ ಬಣ್ಣ ಎದ್ದು ಬಂತು.

"ದೊರೆ ಮಗು ಹೋಗಿ ಎಷ್ಟು ವರ್ಷಾನಪ್ಪಾ ಆಯ್ತು? ಬಣ್ಣ ಇನ್ನೂ ಒಣಗೇ ಇಲ್ವಲ್ಲ!" ಎಂದು ತಮಿಳಿನಲ್ಲಿ ಕೇಳಿದರು. ಗುಮಾಸ್ತ ಕರವಸ್ತ್ರ ಮರೆತು ಮೆಟ್ಟಿಲಿಳಿದ.

ಅವನು ಹೋದ ಮೇಲೆ ನನಗೆ ಹೇಳಿದರು: "ನೆನಪಿಟ್ಕೋ ಅಮ್ಮಣಿ. ಬಣ್ಣ ಪೊಯ್ ಹೇಳ್ತದೆ, ಹೊಟ್ಟೆ ಹೇಳದಿಲ್ಲ." ಪೊಯ್ ಅಂದರೆ ಸುಳ್ಳು. ಹೊಟ್ಟೆ ಅಂದರೆ ಕಾರಿನ ತಳ. ಮಾಡಿದವರ ಹೆಸರು, ಅಚ್ಚಿನ ಗುರುತು ಎಲ್ಲ ಇರುವುದು ಅಲ್ಲೇ. ಅವರಿಗೆ ಬೇಕಾಗಿದ್ದುದು ಪ್ರಸಿದ್ಧ ಕಂಪನಿಗಳ ಕಾರಲ್ಲ. ಯಾವುದೋ ಓಣಿಯ ಷೆಡ್ಡಿನಲ್ಲಿ ನಾಲ್ಕಾರು ಜನ ಅಚ್ಚು ಹೊಯ್ದು, ಹೆಸರು ಕೂಡ ಹಾಕದೆ ಮಾರಿ, ಬಾಗಿಲು ಹಾಕಿಕೊಂಡವರ ಕಾರು. ಜಾಲರಿಯ ಗೆರೆ, ಚಕ್ರದ ಅಂಚು ನೋಡಿಯೇ ಅಂಥವುಗಳ ಕುಲ ಪತ್ತೆ ಮಾಡಬೇಕು. ಗೆದ್ದವು ಮೇಲಿನ ಸಾಲಿಗೆ. ಅನುಮಾನದವು ಎಲ್ಲಕ್ಕಿಂತ ಕೆಳಗೆ. ಅದಕ್ಕೆ ಅವರಿಟ್ಟ ಹೆಸರು 'ಆರೋಪಿಗಳ ಸಾಲು'.

ಈ ಹುಚ್ಚಿನ ಮೂಲ ಒಂದು ಕಳ್ಳತನ. ಅವರ ತಂದೆ ನೂಲಿನ ಗಿರಣಿಯಲ್ಲಿ ಗುಮಾಸ್ತರು. ಊರಿಗೆ ಹೊರಟ ಇಂಗ್ಲಿಷ್ ಎಂಜಿನಿಯರೊಬ್ಬ ಮಕ್ಕಳಿಗೆಂದು ಹಸಿರು ವ್ಯಾನೊಂದನ್ನು ಕೊಟ್ಟು ಹೋಗಿದ್ದ. "ಕೈ ತುಂಬಾ ಇತ್ತು ಅಮ್ಮಣಿ, ಅಷ್ಟು ದೊಡ್ಡದು" ಎಂದು ಸೀನಿಯರ್ ಅಂಗೈ ಬಿಡಿಸಿ ತೋರಿಸುತ್ತಿದ್ದರು. ಒಂದು ದಿನ ಅದು ಮಾಯವಾಯಿತು. ಕದ್ದವಳು ತಂಗಿ ಎಂದು ಆವತ್ತೇ ತೀರ್ಪು ಕೊಟ್ಟರು. "ನನ್ ಮೊದಲ್ನೇ ಕೇಸು" ಎಂದು ನಗುತ್ತಿದ್ದರು. ನಗು ಬಾಯಲ್ಲಿ ಮಾತ್ರ. ಆ ತಂಗಿ ಪಲ್ಲಡದಿಂದ ಬಂದರೆ ಅಲ್ಮಾರಿಗೆ ಬೀಗ ಬಿದ್ದು, ಕೀಲಿಕೈ ಜನಿವಾರಕ್ಕೆ ಏರುತ್ತಿತ್ತು. ಮೊಮ್ಮಕ್ಕಳನ್ನು ಕಂಡ ಹೆಂಗಸು ಅದನ್ನು ನೋಡಿಯೂ ನೋಡದವರಂತೆ ಅಡುಗೆಮನೆಗೆ ಹೋಗುತ್ತಿದ್ದರು.

ವರ್ಷಕ್ಕೊಮ್ಮೆ ಮಾತ್ರ, ಆಯುಧಪೂಜೆಯ ದಿನ, ಅಲ್ಮಾರಿ ತೆರೆದಿರುತ್ತಿತ್ತು. ಕಾನೂನು ಪುಸ್ತಕ, ಟೈಪ್‌ರೈಟರ್, ಸ್ಕೂಟರ್ ಎಲ್ಲಕ್ಕೂ ತಂಗಿಯೇ ಕುಂಕುಮ ಇಡುತ್ತಿದ್ದರು. ಕಾರುಗಳಿಗೆ ದೂರದಿಂದ ಮಂಗಳಾರತಿ ಅಷ್ಟೆ. ಅಣ್ಣ ಪಕ್ಕದಲ್ಲಿ ಕಾವಲು. ನಾನು ಸೇರಿ ಕೆಲವು ವರ್ಷಗಳಾದ ಮೇಲೆ, ಒಂದು ಸಲ ಆರತಿಯ ಹೊತ್ತಿಗೆ ಟ್ರಂಕ್ ಕಾಲ್ ಬಂದು ಅವರು ಒಳಗೆ ಹೋದರು. ತಂಗಿ ಬಗ್ಗಿ, ಆರೋಪಿಗಳ ಸಾಲಿನಿಂದ ಕಿರುಬೆರಳುದ್ದದ ಹಸಿರು ವ್ಯಾನೊಂದನ್ನು ಎತ್ತಿ, ಅಂಗಾತ ತಿರುಗಿಸಿ, ಅದರ ಹೊಟ್ಟೆಗೆ ಬೊಟ್ಟು ಇಟ್ಟರು. ನಾನು ತಡೆಯುವ ಮೊದಲೇ ಸೀನಿಯರ್ ಬಾಗಿಲಲ್ಲಿ ನಿಂತಿದ್ದರು.

"ಏಯ್! ಏನ್ ಮಾಡ್ದೆ ನೀನು?"

"ಕುಂಕುಮ ಇಟ್ಟೆ ಅಣ್ಣ. ನಮ್ಮನೇಲಿ ಇದಕ್ಕೆ ಹೊಟ್ಟೇಲಿ ತಾನೇ ಇಡದು? ಮೇಲ್ ಇಟ್ರೆ ಬಣ್ಣ ಹೋಯ್ತದೆ ಅಂತ ಅಪ್ಪ ಬೈತಿರ್ಲಿಲ್ವಾ?"

ಸೀನಿಯರ್ ವ್ಯಾನು ಕಿತ್ತುಕೊಂಡು ಕಣ್ಣಿಗೆ ಭೂತಗನ್ನಡಿ ಏರಿಸಿದರು. ಹೊಸ ಕುಂಕುಮ ಒರೆಸಿದರೂ ಅಡಿಯಲ್ಲಿ ಕಂದುಗೆಂಪು ಕಲೆಯೊಂದು ಉಳಿಯಿತು. ಅದನ್ನು ಅವರು ಮೊದಲೇ ನೋಡಿದ್ದರು. ಊರಿನ ಉಕ್ಕಡಂ ಪೇಟೆಯ ಗುಜರಿ ಅಂಗಡಿಯವನು ವ್ಯಾನು ತಂದ ದಿನ, "ಹೊಟ್ಟೇಲಿ ಕೆಂಪು, ಮೈಮೇಲೆ ಹಸಿರು. ಯಾರೋ ಬಣ್ಣ ಬದಲಿಸವ್ರೆ. ಸೈಜೂ ಚಿಕ್ಕದು" ಎಂದು ಕೆಳಗೆ ತಳ್ಳಿದ್ದರು. ಮಗುವಿನ ಕೈ ತುಂಬುವ ವ್ಯಾನು ದೊಡ್ಡವರ ಕೈಯಲ್ಲಿ ಎಷ್ಟು ದೊಡ್ಡದಿದ್ದೀತು ಎಂದು ಅಷ್ಟು ದೊಡ್ಡ ವಕೀಲರಿಗೆ ಹೊಳೆದಿರಲಿಲ್ಲ.

"ಇದು ನಮ್ದೇ ಅಂತ ನಿಂಗೆ ಮೊದ್ಲೇ ಗೊತ್ತಿತ್ತು. ಎಲ್ಲಿ ಸಿಕ್ತು?" ಕೋರ್ಟಿನ ದನಿ.

"ಅಮ್ಮ ಹೋದ್ಮೇಲೆ ಅವ್ಳ ಹಿತ್ತಾಳೆ ಕೊಡ ನನ್ ಪಾಲಿಗೆ ಬಂತಲ್ಲ, ಅದ್ರೊಳಗೆ. ನಾವಿಬ್ರೂ ಕಿತ್ತಾಡ್ತೀವಂತ ಅವ್ಳೇ ಒಳಿಸಿಟ್ಟು ಮರ್ತಿರ್ಬೇಕು."

"ನನ್ ಕೈಗೆ ಯಾಕೆ ಕೊಡ್ಲಿಲ್ಲ?"

"ಕೊಟ್ಟಿದ್ರೆ ಏನ್ ಹೇಳ್ತಿದ್ದೆ ಅಣ್ಣ? ಮಾಲು ಕಳ್ಳಿ ಮನೇಲೇ ಸಿಕ್ತು ಅಂತಿರ್ಲಿಲ್ವಾ? ಅದಕ್ಕೇ ಗುಜರಿಯವ್ನ ಕೈಲಿ ಕಳಿಸ್ದೆ. ಅವನ್ನಾದ್ರೂ ನಂಬ್ತೀಯ ಅನ್ಕೊಂಡೆ." ಅವರು ಆರೋಪಿಗಳ ಸಾಲಿನತ್ತ ಕೈ ತೋರಿಸಿದರು. "ವರ್ಷಾ ವರ್ಷಾ ಬಂದು ನೋಡ್ತೀನಿ. ಇದನ್ನೂ ಕೆಳಗೇ ಇಟ್ಟಿದೀಯ."

ತಂದುಕೊಡಬೇಕಾದದ್ದನ್ನು ಕದ್ದವರ ಹಾಗೆ ಅಡ್ಡದಾರಿಯಲ್ಲಿ ಕಳಿಸುವ ಸ್ಥಿತಿ ಒಡಹುಟ್ಟಿದವಳಿಗೆ ಬರಬಾರದು. ಸೀನಿಯರ್ ಕಣ್ಣಿನಿಂದ ಭೂತಗನ್ನಡಿ ತೆಗೆದರು. "ಇನ್ನು ಪ್ರಶ್ನೆ ಇಲ್ಲ" ಎಂದು ಕುರ್ಚಿಯಲ್ಲಿ ಕೂತರು. ಕ್ಷಮೆ ಕೇಳಲಿಲ್ಲ. ಆ ವಿದ್ಯೆ ಅವರು ಕಲಿತಿರಲಿಲ್ಲ. ಆದರೆ ಸಂಜೆ ತಂಗಿ ಕಡ್ಲೆಪುರಿಯ ಪೊಟ್ಟಣ ಹಿಡಿದು ಬಸ್ಸಿಗೆ ಹೊರಟಾಗ ಸ್ಕೂಟರಿನಲ್ಲಿ ಬಿಟ್ಟುಬರಲು ತಾವೇ ಹೋದರು. ಅಲ್ಮಾರಿಗೆ ಬೀಗ ಹಾಕಿರಲಿಲ್ಲ.

ಮರುವರ್ಷ ಮಗಳ ಬಾಣಂತನವೆಂದು ತಂಗಿ ಪೂಜೆಗೆ ಬರಲಾಗಲಿಲ್ಲ. ಅದಾದ ಕೆಲವೇ ದಿನಗಳಲ್ಲಿ ಸೀನಿಯರ್ ಎದೆನೋವಿನಿಂದ ಹೋಗಿಬಿಟ್ಟರು. ಇವತ್ತು ನನ್ನೆದುರು ಯಾರಾದರೂ ತೊದಲಿದರೆ, ಸುಳ್ಳಿರಬಹುದು ಎನ್ನುವ ಮೊದಲು ಹೆದರಿಕೆಯಿರಬಹುದು ಎಂದು ಯೋಚಿಸುತ್ತೇನೆ. ಅನುಮಾನ ಕಲಿಸಿದವರೂ ಅವರೇ, ಅದರ ಬೆಲೆ ತೋರಿಸಿದವರೂ ಅವರೇ.

ಸೀನಿಯರ್ ಅವರ ಉತ್ತರಕ್ರಿಯೆ ಮುಗಿದ ಮೇಲೆ ತಂಗಿ ನನ್ನನ್ನು ಕರೆದು, ತಮಿಳಿನ ಮುದ್ದು ಮಾತಿನಲ್ಲಿ, "ಕಣ್ಣು, ಆ ವ್ಯಾನು ಒಂದ್ಸಲ ನೋಡ್ಬೇಕಲ್ಲ" ಅಂದರು. ಅದು ಮೇಲಿನ ಸಾಲಿನ ನಡುವೆ ಇತ್ತು. ಇಳಿಸಿ, ಅಂಗಾತ ತಿರುಗಿಸಿದೆವು. ಹೊಟ್ಟೆಯ ಮೇಲೆ, ತಂಗಿ ಬಾರದಿದ್ದ ಆ ವರ್ಷದ ಕುಂಕುಮ ದಪ್ಪವಾಗಿ ಅಂಟಿತ್ತು. ಅದರ ಅಂಚಿಗೆ ಬಾಗಿದ ಉಗುರಿನ ಗುರುತು.