ಸವಿತಾಳ ಹೊಟ್ಟೆಯಿಂದ ಬಂದ ಸದ್ದು

ನೆನಪನ್ನು ನಂಬುವವಳಲ್ಲ ನಾನು. ಹೆರಿಗೆ ಮುಗಿದ ಮೇಲೆ ಕೂತು, ನೆನಪಿನಿಂದ ಕೇಸ್ ಶೀಟ್ ತುಂಬುವ ಅಭ್ಯಾಸ ನಮ್ಮ ವಾರ್ಡಿನಲ್ಲಿತ್ತು. ಕೇಳಿದ್ದನ್ನು ಕೇಳಿದಾಗಲೇ ಬರೆಯಬೇಕು ಎಂದು ಅಲ್ಲಿ ಎಲ್ಲರೊಂದಿಗೆ ಜಗಳವಾಡಿದ ನರ್ಸ್ ನಾನೇ. ಹಾಗಾಗಿ ಇದು ನಡೆದದ್ದೇ ಎಂದು ಹೇಳಬಲ್ಲೆ. ನಡೆದದ್ದು ಏನು ಎಂದು ಮಾತ್ರ ಹೇಳಲಾರೆ...

ಅರಕಲಗೂಡು ಕಡೆಯ ಒಂದು ಸಣ್ಣ ಆಸ್ಪತ್ರೆ. ಒಂದು ಸಂಜೆ, ರಾಮನಾಥಪುರದ ಹತ್ತಿರದ ಊರಿನಿಂದ ಸವಿತಾ ನೋವು ಬಂದು ಸೇರಿದ್ದಳು. ಚೊಚ್ಚಲು. ಡಾಕ್ಟರು ಸ್ಕ್ಯಾನ್ ಮಾಡಿದರು. ಹೊರಗೆ ಬಂದು ಅವಳ ಅತ್ತೆಗೆ ಮೆಲ್ಲನೆ ಹೇಳಿದರು: ಮಗು ಹೊಟ್ಟೆಯಲ್ಲೇ ಹೋಗಿದೆ, ಒಂದೆರಡು ದಿನವೇ ಆಗಿರಬಹುದು.

ಅತ್ತೆ ನನ್ನ ಕೈ ಹಿಡಿದುಕೊಂಡರು. ಸೆರಗಿನಿಂದ ಹೊಗೆಸೊಪ್ಪಿನ ಘಾಟು.

"ಈ ವಿಸ್ಯ ಈಗ್ಲೇ ಅವ್ಳ್ಗೆ ಏಳ್ಬ್ಯಾಡಿ ಕಣವ್ವಾ. ನೋವು ತಿನ್ನಾಕೆ ಧೈರ್ಯ ಬ್ಯಾಡ್ವಾ? ಎರ್ಗೆ ಆದ್ಮ್ಯಾಕೆ ನಾನೇ ಏಳ್ತೀನಿ."

ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ನಾನೂ.

ರಾತ್ರಿಯಾಯಿತು. ಫಿನಾಯಿಲ್ ವಾಸನೆ, ಫ್ಯಾನಿನ ಕಿರ್ ಕಿರ್...

"ಅಕ್ಕ, ಒಂದ್ಸಲ ಅವ್ನ ಎದೆ ಸದ್ದು ಕೇಳ್ಸಿ," ಎಂದಳು ಸವಿತಾ.

ಆಗದು ಎಂದರೆ ಅವಳಿಗೆ ತಿಳಿದುಬಿಡುತ್ತದೆ. ಡಾಪ್ಲರ್ ಯಂತ್ರವನ್ನು ಹೊಟ್ಟೆಗಿಟ್ಟೆ. ಇದು ಕೆಟ್ಟಿದೆ ಎನ್ನಲು ಬಾಯಿ ತೆರೆದೆ.

ಟಕಟಕಟಕಟಕ...

"ಅಯ್ಯೋ, ಮಿಲ್ ಓಡ್ದಂಗೆ ಓಡ್ತಾವ್ನೆ! ಎಲ್ಲಾ ಅವ್ರಪ್ಪನ ಅವಸ್ರ ಕಣಕ್ಕ," ಎಂದು ನಕ್ಕಳು.

ತಾಯಿಯ ಎದೆಬಡಿತವೇ ಇರಬೇಕೆಂದು ಅವಳ ಮಣಿಕಟ್ಟು ಹಿಡಿದೆ. ನಾಡಿ ನಿಧಾನವಾಗಿತ್ತು. ಈ ಸದ್ದು ಬೇರೆ. ಆಗಲೇ ಶೀಟಿನಲ್ಲಿ ಬರೆದೆ: ಮಗುವಿನ ಎದೆಬಡಿತ ಕೇಳಿಸುತ್ತಿದೆ.

ಡಾಕ್ಟರನ್ನು ಕೂಗಿದೆ. ಅವರು ಓಡಿಬಂದು ಮತ್ತೆ ಸ್ಕ್ಯಾನ್ ಮಾಡಿದರು. ಎದೆಬಡಿತವೇ ಇರಲಿಲ್ಲ.

ಬೆಳಗಿನ ಜಾವ ಗಂಡುಮಗು ಹೊರಬಂತು. ಮೈಯ ಚರ್ಮ ಆಗಲೇ ಸುಲಿಯುತ್ತಿತ್ತು. ಒಂದೆರಡು ದಿನದ ಹಿಂದೆಯೇ ಹೋದ ಮಗು.

"ಆ ಸಾಲು ಹೊಡ್ದಾಕಿ ಸಿಸ್ಟರ್. ನಾಳೆ ನಿಮಗೇ ತೊಂದ್ರೆ," ಎಂದರು ಡಾಕ್ಟರು.

ಪೆನ್ನು ತೆಗೆದುಕೊಂಡೆ. ದಣಿದ ಕಿವಿ ಏನನ್ನಾದರೂ ಕೇಳಿಸಿಕೊಂಡಿತೇ? ಆದರೆ ಅದನ್ನು ಕೇಳಿ ನಕ್ಕದ್ದು ಅವಳು...

ಅಷ್ಟರಲ್ಲಿ ಅತ್ತೆ ಸವಿತಾಳಿಗೆ ಹೇಳಿಬಿಟ್ಟಿದ್ದರು, ಮಗು ಬರುವ ಮೊದಲೇ ಹೋಗಿತ್ತು ಎಂದು. ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು.

"ಸುಳ್ಳು. ಇಬ್ರೂ ಕೇಳುದ್ವಲ್ಲಕ್ಕ, ನೀವು ಬರ್ಕಂಡ್ರಲ್ಲ. ರಾತ್ರಿ ಬದ್ಕಿದ್ದ ನನ್ ಮಗ... ಏನ್ ಮಾಡುದ್ರಿ ಅವ್ನಿಗೆ?"

ಪೆನ್ನಿಗೆ ಮುಚ್ಚಳ ಹಾಕಿದೆ. ಆ ಸಾಲನ್ನು ಹೊಡೆದುಹಾಕಲಿಲ್ಲ.

ಈಗಲೂ ಬಸುರಿಯರ ಹೊಟ್ಟೆಗೆ ಯಂತ್ರವಿಡುತ್ತೇನೆ. ಟಕಟಕ ಎಂದೊಡನೆ ತಾಯಂದಿರ ಮುಖ ಅರಳುತ್ತದೆ. ನನಗೆ ಮಾತ್ರ, ಆ ಸದ್ದು ಕೇಳಿದರೆ ಭಯ.